ದನದ ಡಾಕ್ಟರು ಕಟ್ಟಿದ ಕಾರು

ದನದ ಆಸ್ಪತ್ರೆಯಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯನಿಗೆ ರೇಸ್ ಕಾರಿನ ಹುಚ್ಚು ಹೇಗೆ ಹಿಡಿಯಿತು ಎಂದು ಜನ ನನ್ನನ್ನು ಈಗಲೂ ಕೇಳುತ್ತಾರೆ. ನನಗೇನು ಗೊತ್ತು? ಹುಚ್ಚು ಹಿಡಿದದ್ದು ಅವರಿಗೆ, ಅಂಗಡಿ ಕೆಲಸ ಬಿಟ್ಟು ಹಿಂದೆ ತಿರುಗಿದ್ದು ನಾನು. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಅವರ ಕೈಗುಣ ಹೊಗಳಿದರು. ಯಾರದೋ ಎಮ್ಮೆ ಬದುಕಿದ್ದು, ಯಾರದೋ ಹೋರಿ ಎದ್ದು ನಿಂತದ್ದು ಎಲ್ಲ ಮಾತಿಗೆ ಬಂತು. ಕಾರಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಸತ್ತವರ ಬಗ್ಗೆ ಹಗುರವಾಗಿ ಮಾತಾಡಬಾರದು ಎಂದುಕೊಂಡಿರಬೇಕು. ನನಗೋ ಆ ಕಾರನ್ನು ಬಿಟ್ಟು ಅವರನ್ನು ನೆನೆಯಲು ಬರುವುದೇ ಇಲ್ಲ.

ಗಂಗಾವತಿಯಲ್ಲಿ ಕೊಪ್ಪಳ ರಸ್ತೆಗೆ ನನ್ನ ಅಂಗಡಿ ಇದೆ. ಟ್ರ್ಯಾಕ್ಟರಿನ ಟ್ರಾಲಿ ಕಟ್ಟುವುದು ನಮ್ಮ ಕಸುಬು. ನಮ್ಮ ಕಡೆಯ ಜನ ಟ್ರಾಲಿಗೆ ಎಷ್ಟು ಭತ್ತ ಹಿಡಿಯುತ್ತದೋ ಅದರ ಮೇಲೆ ಇನ್ನೊಂದು ಅಷ್ಟು ಹೇರುತ್ತಾರೆ, ಅದರ ಮೇಲೆ ತಾವು ಕೂರುತ್ತಾರೆ. ಆದ್ದರಿಂದ ನಾವು ಏನೇ ಕಟ್ಟಿದರೂ ಬೇಕಾದ್ದಕ್ಕಿಂತ ದಪ್ಪ ಕಬ್ಬಿಣ ಹಾಕಿಯೇ ಕಟ್ಟುತ್ತೇವೆ. ಡಾಕ್ಟರು ಅಂಗಡಿಗೆ ಮೊದಲು ಬಂದದ್ದು ಆಸ್ಪತ್ರೆಯಲ್ಲಿ ದನ ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು ರಿಪೇರಿ ಮಾಡಿಸಲು. ಹುದ್ದೆಯಿಂದ ಅವರು ಜಾನುವಾರು ಪರಿವೀಕ್ಷಕರು, ಅಂದರೆ ಡಾಕ್ಟರ ಕೈಕೆಳಗಿನವರು. ಊರೆಲ್ಲ ಡಾಕ್ಟರು ಎಂದೇ ಕರೆಯುತ್ತಿತ್ತು, ಅವರೂ ಬೇಡ ಅನ್ನುತ್ತಿರಲಿಲ್ಲ. ಯಾರಾದರೂ ಮುಂದೆ 'ದನದ' ಅಂತ ಸೇರಿಸಿದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದರು. ಈ ಬರಹದ ತಲೆಬರಹ ನೋಡಿದ್ದರೆ ಒಂದು ವಾರ ನನ್ನ ಜೊತೆ ಮಾತು ಬಿಡುತ್ತಿದ್ದರು.

ಸಣ್ಣ ಆಳು, ದೊಡ್ಡ ದನಿ. ಚಹಾ ಕುಡಿಯುವಾಗಲೆಲ್ಲ ಅದು ಚೆನ್ನಾಗಿಲ್ಲ ಎನ್ನುತ್ತಿದ್ದರು, ಲೋಟ ಖಾಲಿ ಮಾಡಿ ಇನ್ನೊಂದು ಕೇಳುತ್ತಿದ್ದರು. ತಮಗೆ ತಿಳಿಯದ ವಿಷಯ ಇದೆಯೆಂದು ಅವರು ಒಪ್ಪಿದ್ದನ್ನು ನಾನು ಬಹಳ ವರ್ಷ ಕಂಡಿರಲಿಲ್ಲ. ಆದರೆ ಜನರ ಮನಸ್ಸು ಹಿಡಿಯಲು ಸುಳ್ಳು ಹೇಳುವವರಲ್ಲ. ಒಮ್ಮೆ ಶ್ರೀರಾಮನಗರದ ಕಡೆಯ ರೈತನೊಬ್ಬ ನನ್ನ ಅಂಗಡಿಯ ಮುಂದೆಯೇ ಅವರನ್ನು ಹಿಡಿದು, ಮಲಗಿದ ಹಸುವಿಗೆ ಒಂದು ಸೂಜಿಯನ್ನಾದರೂ ಹಾಕಿ ಎಂದು ಕೈಮುಗಿದ. "ಅದು ಏಳೂದಿಲ್ಲೋ ಯಪ್ಪಾ. ನಿನ್ನ ಸಮಾಧಾನಕ್ಕ ಅದಕ್ಕ್ಯಾಕ ಚುಚ್ಚಲಿ?" ಎಂದರು. ಆ ರೈತ ಬೈದುಕೊಂಡು ಹೋದ. ಇವರು ಮತ್ತೊಂದು ಚಹಾ ಹೇಳಿದರು.

ಇಂಥವರು ಗಾಡಿ ಓಡಿಸುವುದನ್ನು ನೋಡಬೇಕಿತ್ತು. ಇದ್ದದ್ದು ಒಂದು ಹಳೆಯ ಮೊಪೆಡ್. ಅದರ ಮೇಲೆ ಹೋಗುವಾಗ ಸೈಕಲ್ಲಿನವರು ಗಂಟೆ ಬಾರಿಸಿ ದಾಟಿ ಹೋಗುತ್ತಿದ್ದರು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಹಿಡಿದು, "ಸಾವಕಾಶ, ಸಾವಕಾಶ" ಅನ್ನುತ್ತ ಕೊಪ್ಪಳದವರೆಗೂ ಅವನ ತಲೆ ತಿನ್ನುತ್ತಿದ್ದರು. ವೇಗ ಎಂದರೆ ಹೆದರಿಕೆ. ಆದರೆ ಬಿಡುವಿದ್ದಾಗ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಮಣ್ಣಿನ ಹಾದಿಯಲ್ಲಿ ಕಾರು ಹಾರಿಸುವ ಪರದೇಶದ ವಿಡಿಯೋಗಳು. ಭಾಷೆ ತಿಳಿಯದ್ದರಿಂದ ಸದ್ದು ಪೂರ್ತಿ ಬಂದ್ ಮಾಡಿರುತ್ತಿದ್ದರು. ಕಾರು ಹಾರಿ ನೆಲಕ್ಕೆ ಬಿದ್ದ ಜಾಗದಲ್ಲಿ ಚಿತ್ರ ನಿಲ್ಲಿಸಿ, ಅದು ಎಲ್ಲಿ ಬಾಗಿತು ಎಂದು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು.

ಆ ಕಾರು ಬಂದದ್ದು ಊರಿನ ಹಲ್ಲಿನ ಡಾಕ್ಟರೊಬ್ಬರಿಂದ. ಅವರು ಹೊಸದು ತೆಗೆದುಕೊಂಡು ಹಳೆಯ ಸಣ್ಣ ಕಾರನ್ನು ಮಾರಲಿಟ್ಟಿದ್ದರು. ನಮ್ಮ ಡಾಕ್ಟರು ಅದನ್ನು ನೋಡಿದ ರೀತಿ ನನಗೆ ಕಣ್ಣಿಗೆ ಕಟ್ಟಿದಂತಿದೆ. ಬಾನೆಟ್ ಎತ್ತಲಿಲ್ಲ, ಟೈರು ಒದೆಯಲಿಲ್ಲ. ಸಂತೆಯಲ್ಲಿ ಎತ್ತು ನೋಡುವವರಂತೆ ಒಂದು ಸುತ್ತು ಬಂದು, ಮೂಲೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಒತ್ತಿ, ಅದು ಎದ್ದು ನಿಲ್ಲುವುದನ್ನು ನೋಡಿದರು. ಆಮೇಲೆ ನನ್ನಿಂದ ಒಂದು ಗಾಲಿಯನ್ನು ಜಾಕಿನ ಮೇಲೆ ಎತ್ತಿಸಿ ಬಾಗಿಲು ತೆರೆದು ಮುಚ್ಚಲು ನೋಡಿದರು. ಬಾಗಿಲು ಚೌಕಟ್ಟಿಗೆ ತಾಗಿ ನಿಂತಿತು.

"ನೋಡಿದ್ಯಾ? ಇಂಜಿನ್ ಛಲೋ ಐತಿ, ಬೆನ್ನು ಸತ್ತೈತಿ," ಎಂದರು. "ಬೆನ್ನು ಗಟ್ಟಿ ಇದ್ರ ಕಾಲು ತಮ್ಮ ಕೆಲಸ ತಾವು ಮಾಡ್ತಾವು. ಬೆನ್ನ ಬಾಗಾಕತ್ತಿತು ಅಂದ್ರ ಕಾಲು ಏನ್ ಮಾಡ್ಯಾವು ಪಾಪ."

ಅವರು ಮಾಡಲು ಹೊರಟದ್ದು ಇಷ್ಟೇ. ಕಾರಿನ ಮೈ ಒಂದು ತಗಡಿನ ಡಬ್ಬಿ. ಜೋರಾಗಿ ತಿರುಗಿಸಿದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ, ಗಾಲಿಗಳು ನೆಲ ಬಿಡುತ್ತವೆ. ಅದು ತಿರುಚದ ಹಾಗೆ ಮುಂದೆ ಬಾನೆಟ್ಟಿನ ಕೆಳಗೆ ಒಂದು ಅಡ್ಡ ಪೈಪು, ಹೊಟ್ಟೆಯ ಕೆಳಗೆ ಎರಡು ಉದ್ದ ಪೈಪು, ಮೂಲೆಗಳಿಗೆ ಮುಕ್ಕೋನದ ತಗಡು ಕೂರಿಸುವುದು. ಪೇಟೆಯಲ್ಲಿ ಇಂಥವು ಸಿದ್ಧವಾಗಿಯೇ ಸಿಗುತ್ತವೆ. ಆದರೆ ಕೊಂಡು ತಂದರೆ ಅದು ತಮ್ಮ ಕಾರು ಹೇಗಾದೀತು ಎನ್ನುವುದು ಅವರ ವಾದ.

ಪ್ರತಿ ಭಾನುವಾರ ಲಸಿಕೆಯ ರಟ್ಟಿನ ಡಬ್ಬಿಗಳನ್ನು ಹೊತ್ತು ಅಂಗಡಿಗೆ ಬರುತ್ತಿದ್ದರು. ಕಾರಿನ ಕೆಳಗೆ ಮಲಗಿ ರಟ್ಟನ್ನು ಕತ್ತರಿಸಿ, ಒತ್ತಿ, ಮತ್ತೆ ಕತ್ತರಿಸಿ, ಮೂಲೆಗೆ ಸರಿ ಕೂತ ಮೇಲೆ ಅದರ ಅಳತೆಗೆ ತಗಡು ಕೊಯ್ಯಿಸುತ್ತಿದ್ದರು. ನಾನು ಮಾಡಿಕೊಟ್ಟ ಮೊದಲ ಅಡ್ಡಪಟ್ಟಿಯನ್ನು ಟ್ರಾಲಿಗೆ ಹಾಕುವ ದಪ್ಪ ಕಬ್ಬಿಣದ ಚಾನಲ್ಲಿನಲ್ಲಿ ಮಾಡಿದ್ದೆ. ಅದನ್ನು ಎತ್ತಿ ನೋಡಿ, "ಇದನ್ನ ಹಾಕಿದ್ರ ಕಾರಿಗೆ ಎತ್ತು ಕಟ್ಟಬೇಕಾಗತೈತಿ. ನಿನಗ ಟ್ರಾಲಿ ಬಿಟ್ರ ಬ್ಯಾರೆ ಲೋಕಾನ ಇಲ್ಲೇನಲೇ ತಮ್ಮಾ?" ಎಂದು ಗಿರಾಕಿಗಳ ಮುಂದೆಯೇ ಮಾನ ಕಳೆದರು. ಕೊನೆಗೆ ಬೋರ್‌ವೆಲ್ಲಿನಿಂದ ಎತ್ತಿ ಹಾಕಿದ ಹಳೆಯ ಕಬ್ಬಿಣದ ಪೈಪು ಅವರ ಮನಸ್ಸಿಗೆ ಬಂತು. ವೆಲ್ಡಿಂಗ್ ಮಾಡುವ ಜಾಗದಲ್ಲಿ ಅದರ ಮೇಲಿನ ಸತುವಿನ ಲೇಪವನ್ನೆಲ್ಲ ಮೊದಲು ಉಜ್ಜಿ ತೆಗೆಸಿದರು. ಸತು ಸುಟ್ಟ ಹೊಗೆ ಕುಡಿದು ನನ್ನ ಕೆಲಸಗಾರನೊಬ್ಬ ಹಿಂದೆ ಜ್ವರ ಬಂದು ಮಲಗಿದ್ದನ್ನು ಅವರು ಮರೆತಿರಲಿಲ್ಲ.

ಓಡಿಸುವವರು ಯಾರು? ಅವರಂತೂ ಅಲ್ಲ. "ನಿನ್ನ ಮಗಳಿಗೆ ಕೈ ಐತಿ," ಎಂದರು ಒಂದು ದಿನ. ನನ್ನ ಮಗಳು ರೇಣುಕಾ ಆಗ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಅಂಗಡಿಯಲ್ಲೇ ಬೆಳೆದವಳು, ಹೊಸ ಟ್ರಾಲಿ ಕಟ್ಟಿದರೆ ಅದನ್ನು ಟ್ರ್ಯಾಕ್ಟರಿಗೆ ಜೋಡಿಸಿ ಹಿಂದಕ್ಕೆ ತೆಗೆದುಕೊಂಡು ಹೋಗಿ ಸಂದಿಯಲ್ಲಿ ನಿಲ್ಲಿಸುತ್ತಿದ್ದಳು. ಟ್ರಾಲಿಯನ್ನು ಹಿಂದಕ್ಕೆ ಓಡಿಸುವುದು ಎಂಥ ಗಂಡಾಳಿಗೂ ಬೆವರಿಳಿಸುವ ಕೆಲಸ. ಕೊಪ್ಪಳದ ಹತ್ತಿರ ಬೀಳು ನೆಲದಲ್ಲಿ ಆಟೋಕ್ರಾಸ್ ಎಂಬ ಸ್ಪರ್ಧೆ ನಡೆಸುವವರಿದ್ದರು. ಬಾವುಟ ನೆಟ್ಟ ಮಣ್ಣಿನ ಹಾದಿಯಲ್ಲಿ ಒಂದೊಂದೇ ಕಾರು ಗಡಿಯಾರದ ಎದುರು ಓಡುವುದು. ಹೆಣ್ಣುಮಕ್ಕಳಿಗೆ ಬೇರೆ ವಿಭಾಗವಿತ್ತು. ರೇಣುಕಾಳಿಗೆ ಅದರ ಹೆಸರು ಕೇಳಿದ್ದೇ ಸಾಕಾಯಿತು. ಅವಳು ಅಲ್ಲಿಯವರೆಗೆ ನನ್ನ ಹತ್ತಿರ ಏನನ್ನೂ ಅಷ್ಟು ಹಟ ಹಿಡಿದು ಕೇಳಿದವಳಲ್ಲ. ನನಗೆ ಹೆದರಿಕೆಯೂ ಇತ್ತು, ಜಂಬವೂ ಇತ್ತು. ಜಂಬವೇ ಗೆದ್ದಿತು.

ಇನ್ನು ಕೆಳಗಿನ ಪೈಪುಗಳನ್ನು ಕೂರಿಸುವ ಮಾತು. ಕಾರನ್ನು ಜಾಕಿನ ಮೇಲೆ ಎತ್ತಿಟ್ಟು ವೆಲ್ಡ್ ಮಾಡೋಣ ಎಂದೆ. ಅವರು ಕಣ್ಣು ಕೆಂಪು ಮಾಡಿದರು. ಎತ್ತಿದ ಕಾರು ತಿರುಚಿ ನಿಂತಿರುತ್ತದೆ, ಆಗ ಪೈಪು ಹಾಕಿದರೆ ಆ ತಿರುಚು ಕಾಯಂ ಆಗಿ ಉಳಿದುಬಿಡುತ್ತದೆ ಎಂದರು. ನಾಲ್ಕೂ ಗಾಲಿಯ ಮೇಲೆ ತನ್ನ ಭಾರಕ್ಕೆ ತಾನು ನಿಂತಾಗಲೇ, ಅದೂ ಪೂರಾ ಮಟ್ಟಸವಾದ ನೆಲದ ಮೇಲೆ ಆಗಬೇಕು. ಇದು ಸರಿಯಾದ ಮಾತು, ಈಗ ನನಗೂ ತಿಳಿದಿದೆ. ನನ್ನ ಅಂಗಡಿಯ ನೆಲವೋ ಗುಂಡಿ ಗುಂಡಿ. ಹಾಗಾದರೆ ಮಟ್ಟಸ ನೆಲ ಎಲ್ಲಿದೆ?

ಗಂಗಾವತಿಯವರನ್ನು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಸಿಮೆಂಟ್ ಕಣ. ಬಿಳೀ ಹಾಳೆಯ ಹಾಗೆ ಹಾಸಿಕೊಂಡಿರುತ್ತದೆ. ಮಕ್ಕಳು ಕ್ರಿಕೆಟ್ ಆಡುವುದು ಅಲ್ಲಿ, ಮದುವೆ ಪೆಂಡಾಲ್ ಹಾಕುವುದು ಅಲ್ಲಿ. ಶ್ರೀರಾಮನಗರದ ರಸ್ತೆಯಲ್ಲಿ ಪರಿಚಯದ ಗಿರಣಿಯೊಂದಿತ್ತು. ಸುಗ್ಗಿ ಇನ್ನೂ ಬಂದಿರಲಿಲ್ಲ, ಕಣ ಖಾಲಿ ಬಿದ್ದಿತ್ತು. ಅದರ ಮೂಲೆಯಲ್ಲಿ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿದೆವು. ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು ತರಲೇ ಎಂದು ನಾನು ಕೇಳಿದೆ.

"ಗಿರಣಿ ಕಣಕ್ಕ ಮಟ್ಟ ಹಿಡೀತಿಯೇನಲೇ? ಯಾರರ ಕೇಳಿದ್ರ ನಕ್ಕಾರು," ಎಂದರು. ನಾನೂ ನಕ್ಕು ಬಿಟ್ಟೆ. ಎರಡು ಭಾನುವಾರ ಅಲ್ಲಿಯೇ ಕೆಲಸ ನಡೆಯಿತು. ಒಂದು ಪೈಪನ್ನು ಬೋಲ್ಟ್ ಹಾಕಿ ಬಿಗಿದೆವು, ಇನ್ನೊಂದನ್ನು ಮೈಗೇ ಸೇರಿಸಿ ವೆಲ್ಡ್ ಮಾಡಿದೆವು. ಆ ಸಂಜೆ ಅವರು ಕಾರಿನ ಬೆನ್ನು ತಟ್ಟಿದ್ದನ್ನು ನೋಡಬೇಕಿತ್ತು, ಹೊಸದಾಗಿ ಕರು ಹಾಕಿದ ಹಸುವನ್ನು ತಟ್ಟಿದ ಹಾಗೆ.

ರೇಣುಕಾ ಬೀಳು ಬಿದ್ದ ಹೊಲಗಳಲ್ಲಿ ಓಡಿಸಿ ಕಲಿತಳು. ಎರಡು ಮೂರು ದಿನಕ್ಕೇ ಬಂದು, "ಕಾಕಾ, ಎಡಕ್ಕ ತಿರುವಿದ್ರ ಕಚ್ಚಿ ಹಿಡಿದಂಗ ತಿರುಗತೈತಿ. ಬಲಕ್ಕ ತಿರುವಿದ್ರ ಜಾರತೈತಿ ನೋಡ್ರಿ," ಎಂದಳು.

"ಗಾಡಿಗೇನು ಎಡ ಬಲ ಗೊತ್ತೈತೇನ ಯವ್ವಾ? ನಿನ್ನ ಕೈ ಬಿಗಿ ಆಗ್ಯಾವು. ಬಲಗೈ ಸಡ್ಲ ಬಿಡು."

ಅವಳು ಬಲಗೈ ಸಡಿಲ ಬಿಡುವುದನ್ನು ಕಲಿತಳು. ಮತ್ತೆ ಜಾರಿತು. ಮತ್ತೆ ಬೈಸಿಕೊಂಡಳು. ಅಡುಗೆಮನೆಯಲ್ಲಿ ತಾಟು ಹಿಡಿದು ಸ್ಟೀರಿಂಗ್ ತಿರುಗಿಸಿದಂತೆ ಬಲಕ್ಕೆ ತಿರುಗಿಸಿ ನೋಡುತ್ತಿದ್ದಳು. ತನ್ನ ಕೈಯಲ್ಲೇ ದೋಷವಿದೆ ಎಂದು ಪೂರ್ತಿ ನಂಬಿದ್ದಳು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನವೇ ನಾನೂ ರೇಣುಕಾಳೂ ಕಾರು ತೆಗೆದುಕೊಂಡು ಕೊಪ್ಪಳಕ್ಕೆ ಹೋಗಿ ನೆಂಟರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಸ್ಪರ್ಧೆ ನಡೆಸುವವರ ಕಡೆಯ ತಪಾಸಣೆಯವರು ಕಾರನ್ನು ನೋಡಿದರು, ಅಲ್ಲಾಡಿಸಿದರು, ಕೆಳಗೆ ಟಾರ್ಚ್ ಹಾಕಿ ವೆಲ್ಡಿಂಗ್ ನೋಡಿ ಮೆಚ್ಚಿದರು, ಗಾಜಿಗೆ ಚೀಟಿ ಅಂಟಿಸಿದರು. ಗಂಗಾವತಿಯಿಂದ ನಮ್ಮವರು ಎರಡು ಗಾಡಿ ತುಂಬ ಬಂದಿದ್ದರು. ರೇಣುಕಾ ಹೆಲ್ಮೆಟ್ ಕೈಯಲ್ಲಿ ಹಿಡಿದು ತಿರುಗುತ್ತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆಗ ಡಾಕ್ಟರು ಬಂದರು. ಮೊದಲ ಬಸ್ಸು ಹಿಡಿದು ಬಂದು, ರಸ್ತೆಯಿಂದ ಮೈದಾನದವರೆಗೆ ನಡೆದು ಬಂದಿದ್ದರು. ಕೈಚೀಲದಲ್ಲಿ ಬೋಲ್ಟ್ ಬಿಚ್ಚುವ ಪಾನಾಗಳು. ಯಾರನ್ನೂ ಮಾತಾಡಿಸದೆ ಕಾರಿನ ಸುತ್ತ ಒಮ್ಮೆ ತಿರುಗಿ, ನೇರ ತಪಾಸಣೆಯವರ ಹತ್ತಿರ ಹೋದರು.

"ಸಾಹೇಬ್ರ, ಈ ಗಾಡಿ ಬಿಡಬ್ಯಾಡ್ರಿ."

"ಯಾಕ್ರೀ? ನಾವು ಎಲ್ಲ ನೋಡಿದ್ದೀವಿ, ಸರಿಯಾಗಿದೆ."

"ನೀವು ನೋಡೀರಿ. ಮಾಡಿದಾಂವ ನಾನು."

ನಾನು ಓಡಿಹೋಗಿ ತೋಳು ಹಿಡಿದೆ. ಏನಾಯಿತೆಂದು ಅವರು ನಿಂತಲ್ಲೇ ಹೇಳಿದರು. ಹಿಂದಿನ ಸಂಜೆ ಶ್ರೀರಾಮನಗರದ ಕಡೆ ಅಡ್ಡಮಳೆ ಹೊಡೆದಿತ್ತು. ಊರಿಗೆ ಮರಳುತ್ತಿದ್ದ ಅವರು ಅದೇ ಗಿರಣಿಯ ತಗಡಿನ ಕೆಳಗೆ ನಿಂತಿದ್ದರು. ಸುಗ್ಗಿಯ ಮೊದಲ ಭತ್ತ ಕಣದಲ್ಲಿತ್ತು, ಆಳುಗಳು ತಾಡಪತ್ರಿ ಎಳೆಯಲು ಓಡುತ್ತಿದ್ದರು. "ನೀರು ಎಲ್ಲೂ ನಿಲ್ಲಲಿಲ್ಲೋ ತಮ್ಮಾ. ನಡುವಿನಿಂದ ನಾಕೂ ಕಡಿ ಹರಕೊಂಡು ಹೋತು. ಭತ್ತ ತೋಯಬಾರದಂತ ಕಣಾನ ಇಳುಕಲಾ ಕಟ್ಟಿರ್ತಾರ. ನಾವು ಮೂಲ್ಯಾಗ, ಎರಡು ಇಳುಕಲಾ ಕೂಡೋ ಜಾಗಾದಾಗ ಗಾಡಿ ನಿಂದ್ರಿಸಿದ್ವಿ. ಮೂರು ಗಾಲಿ ಒಂದು ಮಟ್ಟ, ಒಂದು ಗಾಲಿ ಕೆಳಗ." ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, ಇದು ಫೋನಿನಲ್ಲಿ ಹೇಳುವ ಮಾತೇನು ಎಂದು ನನ್ನನ್ನೇ ಬೈದರು.

ತಪಾಸಣೆಯವರಿಗೆ ನಂಬಿಕೆ ಬರಲಿಲ್ಲ. ಡಾಕ್ಟರು ಕಾರಿನ ಕೆಳಗೆ ತೂರಿ ಒಂದೇ ಒಂದು ಬೋಲ್ಟ್ ಬಿಚ್ಚಿದರು. ಅದು ಹೊರಬಂದ ಕ್ಷಣ ಪೈಪು ಠಣ್ಣೆಂದು ಪಕ್ಕಕ್ಕೆ ಹಾರಿತು. ಮತ್ತೆ ಬೋಲ್ಟ್ ಹಾಕಲು ನೋಡಿದರೆ ತೂತಿಗೆ ತೂತು ಕೂಡಲಿಲ್ಲ. ಇಷ್ಟು ದಿನ ಕಾರಿನ ಮೈಯನ್ನು ಆ ಪೈಪುಗಳು ತಿರುಚಿ ಹಿಡಿದುಕೊಂಡಿದ್ದವು. ಇನ್ನೊಂದು ಪೈಪು ವೆಲ್ಡ್ ಆಗಿದ್ದರಿಂದ ಅಲ್ಲಿ ನಿಂತು ಬಿಚ್ಚುವಂತಿರಲಿಲ್ಲ. ತಪಾಸಣೆಯವರು ಗಾಜಿನ ಮೇಲಿನ ಚೀಟಿ ಕಿತ್ತರು.

"ಕಾಕಾ, ಏನ್ ಮಾಡಾಕತ್ತೀರಿ?" ರೇಣುಕಾ ಓಡಿ ಬಂದಳು.

ಅವರು ಕೆಳಗಿನಿಂದ ಎದ್ದು ಬಂದರು. ಬೆನ್ನೆಲ್ಲ ಮಣ್ಣಾಗಿತ್ತು. ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದರು: "ನಿನ್ನ ಕೈ ಸರಿ ಇತ್ತು ಯವ್ವಾ. ಬಲಕ್ಕ ಜಾರಿದ್ದು ನನ್ನ ಕೆಲಸದಿಂದ. ನೀ ಹೇಳಿದ್ದು ಖರೇ ಇತ್ತು, ನಾ ಕೇಳಲಿಲ್ಲ."

"ಅದನ್ನ ಇವತ್ತ ಹೇಳಬೇಕಿತ್ತೇನ್ರಿ?" ಎಂದು ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಅವಳು ರಸ್ತೆಯ ಕಡೆ ನಡೆದುಬಿಟ್ಟಳು. ಜನ ನಕ್ಕರು. ಯಾರೋ ಸೀಟಿ ಹೊಡೆದರು. ನನಗೆ ಅವರ ಮೇಲೆ ಬಂದ ಸಿಟ್ಟನ್ನು ಈಗ ಮುಚ್ಚಿಟ್ಟು ಬರೆಯಲಾರೆ. ನೂರು ಮಂದಿಯೆದುರು ನನ್ನ ಮಗಳ ಬಾಯಿಗೆ ಬಂದ ತುತ್ತು ಕಸಿದುಕೊಂಡರು ಎಂದೇ ಅನಿಸಿತ್ತು. ಅವರು ಮಾತ್ರ ಕಾರಿನ ಪಕ್ಕದಲ್ಲಿ, ಇಡೀ ದಿನ ಬಿಸಿಲಲ್ಲಿ, ಉಳಿದ ಕಾರುಗಳು ಓಡುವುದನ್ನು ನೋಡುತ್ತ ನಿಂತಿದ್ದರು. ಚಹಾ ತಂದುಕೊಟ್ಟರೆ ಬೇಡವೆಂದರು.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಅವರು ತಾವೇ ಗ್ರೈಂಡರ್ ಹಿಡಿದು ಎಲ್ಲ ಪೈಪು ಕತ್ತರಿಸಿ ತೆಗೆದರು. ಲಾರಿ ತೂಗುವ ಕಾಟಾದ ಮೇಲೆ ಕಾರು ನಿಲ್ಲಿಸಿ, ಈ ಸಲ ನೀರಿನ ಪೈಪಿನಿಂದ ನಾಲ್ಕೂ ಗಾಲಿಯ ಮಟ್ಟ ನೋಡಿ, ಹೊಸದಾಗಿ ಕೂರಿಸಿದರು. ಕಾರು ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ತಿರುಗಿತು. ಆದರೆ ಮರುವರ್ಷ ಆ ಸ್ಪರ್ಧೆ ನಡೆಯಲೇ ಇಲ್ಲ. ಬೀಳು ನೆಲ ಲೇಔಟ್ ಆಗಿ, ಬಾವುಟ ನೆಟ್ಟಿದ್ದ ಜಾಗದಲ್ಲಿ ಸೈಟಿನ ಕಲ್ಲುಗಳು ಬಂದವು. ರೇಣುಕಾ ಪರೀಕ್ಷೆ ಬರೆದು ಯಲಬುರ್ಗಾ ತಾಲೂಕಿನಲ್ಲಿ ಗ್ರಾಮ ಆಡಳಿತಾಧಿಕಾರಿಯಾದಳು. ಯಾವ ಸ್ಪರ್ಧೆಯಲ್ಲೂ ಅವಳು ಓಡಿಸಲಿಲ್ಲ. ಅವರು ಅಂಗಡಿಗೆ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು. ಅವರು ಅವಳ ಸುದ್ದಿ ಕೇಳುತ್ತಿದ್ದರು, ಕರೆ ಎಂದು ಒಮ್ಮೆಯೂ ಹೇಳಲಿಲ್ಲ. ನಿವೃತ್ತಿಯಾದ ಮೇಲೆ ಕಾರಿನ ಸಮೇತ ತಮ್ಮ ಊರು ಇರಕಲ್ಲಗಡಕ್ಕೆ ಹೋದರು.

ಅವರಿಗೆ ಹುಷಾರಿಲ್ಲ ಎಂದು ತಿಳಿದಾಗ ನಾನು ಹೊರಟಿದ್ದೆ. ಆ ದಿನ ಊರಿಗೆ ಬಂದಿದ್ದ ರೇಣುಕಾ ತಾನೂ ಬರುತ್ತೇನೆಂದಳು, ಏಕೆಂದು ಹೇಳಲಿಲ್ಲ. ಕಾರು ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅವರು ಒಳಗೆ ಮಂಚದ ಮೇಲೆ ಗೋಡೆಗೆ ಒರಗಿದ್ದರು. ದೊಡ್ಡ ದನಿ ಹೋಗಿತ್ತು. ಅವರ ಹೆಂಡತಿ ಚಹಾ ತಂದಿಟ್ಟು ಹೋದರು. ನಾನು ಔಷಧ, ಮಳೆ, ಭತ್ತದ ಮಾತೆಲ್ಲ ಆಡಿ ಮುಗಿಸಿದೆ. ರೇಣುಕಾ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡಳು.

"ಕಾಕಾ, ಒಂದು ಮಾತು ಕೇಳ್ತೀನಿ. ಅವತ್ತ ನೀವು ಸುಮ್ನ ಇದ್ದಿದ್ರ ಏನಾಗ್ತಿತ್ತು?"

ವೆಲ್ಡ್ ಬಿಡುತ್ತಿತ್ತು, ಕಾರು ಪಲ್ಟಿಯಾಗುತ್ತಿತ್ತು, ನಿನ್ನ ಜೀವ ಉಳಿಸಿದೆ ಎನ್ನುತ್ತಾರೆ ಎಂದು ನಾನು ಕಾದೆ. ಹಾಗೆ ಹೇಳಿದ್ದರೆ ನಮಗಿಬ್ಬರಿಗೂ ಹಗುರವಾಗುತ್ತಿತ್ತು. ಅವರು ಸೂರಿನ ಕಡೆ ನೋಡಿದರು.

"ಏನೂ ಆಗ್ತಿರ್ಲಿಲ್ಲ ಅಂತ ಕಾಣತೈತಿ," ಎಂದರು. "ನಾಕು ಸುತ್ತಿನ ಓಟ. ಜಾರಿದ್ರೂ ಹಿಡಕೊಂಡು ಬರ್ತಿದ್ದಿ ನೀನು. ಮೊದಲನೇ ನಂಬರ್ ಬಂದ್ರೂ ಬರ್ತಿದ್ದಿ."

"ಮತ್ತ್ಯಾಕ ಹೇಳಿದ್ರಿ?"

"ಒಮ್ಮೆ ನಡೀತು ಅಂದ್ರ, ಮುಂದಿನ ಗಾಡಿಗೂ ನಡೀತೈತಿ ಬಿಡು ಅಂತಿದ್ದೆ. ನನ್ನ ಮನಸ್ಸು ನನಗ ಗೊತ್ತೈತಿ ಯವ್ವಾ." ಸ್ವಲ್ಪ ಉಸಿರು ತೆಗೆದುಕೊಂಡರು. "ನಿನಗ ಲುಕ್ಸಾನ ಆತು. ಅದೂ ಗೊತ್ತೈತಿ."

ಹೊರಡುವಾಗ ರೇಣುಕಾ ಅವರ ಹೊದಿಕೆ ಸರಿಮಾಡಿದಳು. ಅದಾಗಿ ಕೆಲವೇ ದಿನಕ್ಕೆ ಅವರು ಹೋದರು.

ಅವರನ್ನು ನೋಡಿ ಆ ದಿನ ಮರಳುವಾಗ ನಮ್ಮ ಗಾಡಿಯನ್ನು ರೇಣುಕಾ ಓಡಿಸುತ್ತಿದ್ದಳು. ಊರು ದಾಟಿ ಎಷ್ಟೋ ದೂರ ಬಂದ ಮೇಲೆ, "ಅಪ್ಪಾ, ಅವತ್ತ ನಾ ಆಗಿದ್ರ ಹೇಳ್ತಿರ್ಲಿಲ್ಲ," ಎಂದಳು.

"ನಾನೂ ಹೇಳ್ತಿರ್ಲಿಲ್ಲವ್ವಾ," ಎಂದೆ.

ಅವಳು ರಸ್ತೆ ನೋಡುತ್ತಲೇ ಅಳತೊಡಗಿದಳು. ಗಾಡಿ ಬದಿಗೆ ಹಾಕು ಎಂದೆ. ಹಾಕಲಿಲ್ಲ.